ಮಾಪಕ ಇಟ್ಟರೆ ಭೂಕಂಪ ನಿಲ್ಲುತ್ತಾ?

ಪ್ರಶ್ನೆ: ನಮ್ಮ ಊರಿನ ಅಂಚಿನಲ್ಲಿ ಭೂಶಾಖದ ಯೋಜನೆಯೊಂದು ಬರುತ್ತಿದೆ. ಐದು ಕಿ.ಮೀ. ಆಳಕ್ಕೆ ಬಾವಿ ಕೊರೆದು, ನೀರು ಬಿಟ್ಟು, ಕೆಳಗಿನ ಬಿಸಿಯನ್ನು ಮೇಲೆತ್ತುತ್ತಾರಂತೆ. "ಸಣ್ಣ ಪುಟ್ಟ ಕಂಪನ ಆಗಬಹುದು, ಆದರೆ 24 ಗಂಟೆಯೂ ಮಾಪಕಗಳು ನೋಡುತ್ತಿರುತ್ತವೆ, ಚಿಂತೆ ಬೇಡ" ಎಂದು ಸಭೆಯಲ್ಲಿ ಹೇಳಿದರು. ಮಾಪಕ ಇದ್ದರೆ ದೊಡ್ಡ ಕಂಪನ ಆಗುವುದಿಲ್ಲವೇ? ಸಣ್ಣವು ಆಗುತ್ತಿದ್ದರೆ ಒಳ್ಳೆಯದೇ, ದೊಡ್ಡದರ ಶಕ್ತಿ ಸೋರಿಹೋಗುತ್ತದೆ ಅಂತಲೂ ಒಬ್ಬರು ಹೇಳಿದರು. ಇದು ನಿಜವೇ? ಮನೆಯಲ್ಲಿ ನಾನೇ ಒಂದು ಮಾಪಕ ಇಟ್ಟುಕೊಂಡರೆ ಏನಾದರೂ ಉಪಯೋಗ ಇದೆಯೇ?

ಉತ್ತರ: ಮೊದಲ ಪ್ರಶ್ನೆಗೆ ನೇರ ಉತ್ತರ, ಇಲ್ಲ. ಮಾಪಕ ಕಿವಿ ಇದ್ದ ಹಾಗೆ. ಅದು ಕೇಳಿಸಿಕೊಳ್ಳುತ್ತದೆ, ಅಷ್ಟೇ. ನೀರು ನುಗ್ಗಿಸುವ ಪಂಪಿನ ವಾಲ್ವ್ ಮೇಲಿರುವ ಕೈ ಬೇರೆಯವರದ್ದು. ಕಿವಿಗೆ ಬಿದ್ದದ್ದು ಆ ಕೈಗೆ ಎಷ್ಟು ಬೇಗ ತಲುಪುತ್ತದೆ, ತಲುಪಿದ ಮೇಲೆ ಕೈ ವಾಲ್ವ್ ತಿರುಗಿಸುತ್ತದೋ ಇಲ್ಲವೋ, ಎಲ್ಲ ಇರುವುದು ಅಲ್ಲಿ. ಸಭೆಯಲ್ಲಿ ಕಿವಿಯ ಬಗ್ಗೆ ಮಾತ್ರ ಹೇಳಿ ಕೈಯ ಬಗ್ಗೆ ಹೇಳದೇ ಹೋಗಿದ್ದರೆ ಅರ್ಧ ಮಾತ್ರ ಹೇಳಿದ್ದಾರೆ.

ಎರಡನೆಯದಕ್ಕೂ ಉತ್ತರ ಇಲ್ಲ ಅಂತಲೇ. ಸಣ್ಣ ಕಂಪನಗಳು ದೊಡ್ಡದರ ಶಕ್ತಿಯನ್ನು ಸೋರಿಸಿಬಿಡುತ್ತವೆ ಅನ್ನೋದು ಕೇಳಲು ಸಮಾಧಾನದ ಮಾತು, ಆದರೆ ಲೆಕ್ಕ ಒಪ್ಪುವುದಿಲ್ಲ. ಭೂಕಂಪದ ಪ್ರಮಾಣ ಒಂದು ಅಂಕಿ ಏರಿದರೆ ಹೊರಬೀಳುವ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. ಎರಡು ಅಂಕಿ ಏರಿದರೆ ಸಾವಿರ ಪಟ್ಟು. ಅಂದರೆ 5ರ ಒಂದು ಭೂಕಂಪದ ಶಕ್ತಿಯನ್ನು 3ರ ಕಂಪನಗಳಿಂದ ಖಾಲಿ ಮಾಡಬೇಕಾದರೆ ಅಂಥ ಸಾವಿರ ಕಂಪನ ಬೇಕು. 3ರ ಕಂಪನ ಅಂದರೆ ಹತ್ತಿರದಲ್ಲಿದ್ದವರಿಗೆ ಚೆನ್ನಾಗಿ ಗೊತ್ತಾಗುತ್ತದೆ. ಸಾವಿರ ಸಲ ಅದನ್ನು ತಡೆದುಕೊಳ್ಳುವವರು ಯಾರು? ಅಷ್ಟೇ ಅಲ್ಲ, ಸಣ್ಣವು ಜಾಸ್ತಿ ಆದಷ್ಟೂ ದೊಡ್ಡದೊಂದು ಬರುವ ಸಾಧ್ಯತೆಯೂ ಜಾಸ್ತಿ ಆಗುತ್ತದೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಕೆಳಗೆ ಏನಾಗುತ್ತದೆ ನೋಡೋಣ. ಐದು ಕಿ.ಮೀ. ಕೆಳಗಿನ ಗ್ರಾನೈಟ್ ಇಡೀ ಒಂದೇ ಕಲ್ಲಲ್ಲ. ಕೋಟ್ಯಂತರ ವರ್ಷಗಳಲ್ಲಿ ಬಿದ್ದ ಬಿರುಕುಗಳು ಅದರ ತುಂಬ ಇವೆ. ಭೂಮಿಯ ಒಳಗಿನ ತಳ್ಳಾಟದಿಂದಾಗಿ ಬಿರುಕಿನ ಎರಡು ಮಗ್ಗುಲುಗಳು ಒಂದರ ಮೇಲೊಂದು ಜಾರಲು ನೋಡುತ್ತಿರುತ್ತವೆ, ಸುತ್ತಲಿನ ಕಲ್ಲಿನ ಭಾರ ಅವನ್ನು ಒತ್ತಿ ಹಿಡಿದಿರುತ್ತದೆ. ಆ ಸಂದಿಗೆ ಒತ್ತಡದ ನೀರು ನುಗ್ಗಿದರೆ ಹಿಡಿತ ಸಡಿಲವಾಗುತ್ತದೆ. ಎಣ್ಣೆ ಹಾಕಿದ ಹಾಗೆ ಜಾರುತ್ತದೆ ಅಂತ ಎಷ್ಟೋ ಕಡೆ ಬರೆದಿರುತ್ತಾರೆ, ಅದು ಸರಿಯಲ್ಲ. ನೀರು ಇಲ್ಲಿ ನುಣುಪು ಮಾಡುವುದಿಲ್ಲ. ಎರಡೂ ಮಗ್ಗುಲನ್ನು ಒಳಗಿನಿಂದ ದೂರ ತಳ್ಳುತ್ತದೆ, ಒತ್ತಿ ಹಿಡಿದಿದ್ದ ಬಲ ಅಷ್ಟು ಕಡಿಮೆಯಾಗುತ್ತದೆ. ಆಗ ಮೊದಲೇ ಜಾರಲು ಕಾದಿದ್ದ ಬಿರುಕು ಜಾರುತ್ತದೆ. ಅದೇ ಕಂಪನ.

ಇದು ಹೊಸ ಸಂಗತಿಯೇನೂ ಅಲ್ಲ. 1962ರಲ್ಲಿ ಅಮೆರಿಕದ ಡೆನ್ವರ್ ಪಕ್ಕದಲ್ಲಿ ಅಲ್ಲಿನ ಸೇನೆ ರಾಸಾಯನಿಕ ತ್ಯಾಜ್ಯದ ನೀರನ್ನು ಸುಮಾರು 3.7 ಕಿ.ಮೀ. ಆಳದ ಬಾವಿಗೆ ಬಿಡಲು ಶುರು ಮಾಡಿತು. ಕೆಲವೇ ವಾರಗಳಲ್ಲಿ ಊರು ಅಲುಗತೊಡಗಿತು. 1966ರಲ್ಲಿ ನೀರು ಬಿಡುವುದನ್ನು ನಿಲ್ಲಿಸಿದರು. ಅಲ್ಲಿನ ಅತಿ ದೊಡ್ಡ ಕಂಪನಗಳು ಬಂದದ್ದು 1967ರಲ್ಲಿ, ನಿಲ್ಲಿಸಿ ಒಂದು ವರ್ಷ ಕಳೆದ ಮೇಲೆ! ಇದನ್ನು ನೆನಪಿಟ್ಟುಕೊಳ್ಳಿ, ಇದೇ ಕಥೆ ಮತ್ತೆ ಮತ್ತೆ ಬರುತ್ತದೆ. ಆಮೇಲೆ ಅದೇ ಕೊಲರಾಡೊ ರಾಜ್ಯದ ರೇಂಜ್ಲಿ ತೈಲಕ್ಷೇತ್ರದಲ್ಲಿ 1969ರಿಂದ 1973ರವರೆಗೆ ಬೇಕೆಂದೇ ಪ್ರಯೋಗ ಮಾಡಿದರು. ಬಾವಿಯ ಒತ್ತಡ ಏರಿಸಿದರೆ ಕಂಪನ ಏರುತ್ತದೆ, ಇಳಿಸಿದರೆ ಇಳಿಯುತ್ತದೆ ಅಂತ ತೋರಿಸಿದರು. ನೀವು ಸಭೆಯಲ್ಲಿ ಕೇಳಿದ ಭರವಸೆಯ ಬೇರು ಈ ಪ್ರಯೋಗದಲ್ಲಿದೆ.

ಇನ್ನೊಂದು ವಿಷಯ ಸಭೆಗಳಲ್ಲಿ ಸಾಮಾನ್ಯವಾಗಿ ಹೇಳುವುದಿಲ್ಲ. ಎಲ್ಲ ಭೂಶಾಖ ಯೋಜನೆಗಳೂ ಒಂದೇ ಥರ ಅಲ್ಲ. ಕೆಳಗೆ ಬಿಸಿನೀರು ತಾನಾಗಿಯೇ ಹರಿಯುವ ಪದರ ಇದ್ದರೆ ಅದನ್ನು ಎತ್ತಿ, ಬಿಸಿ ತೆಗೆದುಕೊಂಡು, ತಣ್ಣಗಾದ ನೀರನ್ನು ಮತ್ತೆ ಕೆಳಗೆ ಬಿಟ್ಟರಾಯಿತು. ಅಲ್ಲಿ ಅಪಾಯ ಸಾಮಾನ್ಯವಾಗಿ ಕಡಿಮೆ. ಆದರೆ ಬಿಸಿ ಇದೆ, ನೀರು ಹರಿಯಲು ದಾರಿ ಇಲ್ಲ ಅನ್ನುವ ಗಟ್ಟಿ ಕಲ್ಲಿನಲ್ಲಿ ದಾರಿಯನ್ನು ಮಾಡಬೇಕು. ಅದಕ್ಕೆ ಜೋರು ಒತ್ತಡದಲ್ಲಿ ನೀರು ನುಗ್ಗಿಸಿ ಹಳೆಯ ಬಿರುಕುಗಳನ್ನು ಸ್ವಲ್ಪ ಜಾರಿಸುತ್ತಾರೆ. ಜಾರಿದ ಬಿರುಕಿನ ಒರಟು ಮಗ್ಗುಲುಗಳು ಮತ್ತೆ ಮೊದಲಿನ ಹಾಗೆ ಕೂಡಿಕೊಳ್ಳುವುದಿಲ್ಲ, ಸಂದಿ ಉಳಿಯುತ್ತದೆ, ನೀರು ಹರಿಯುತ್ತದೆ. ಹಾಗಾಗಿ ಇಂಥ ಯೋಜನೆಯಲ್ಲಿ ಸಣ್ಣ ಕಂಪನಗಳು ಅಡ್ಡ ಪರಿಣಾಮ ಅಲ್ಲ, ಕೆಲಸವೇ ಅದು. ಕಂಪನ ಒಂದೂ ಆಗಲಿಲ್ಲ ಅಂದರೆ ಇಂಜಿನಿಯರುಗಳ ಮುಖ ಬಾಡುತ್ತದೆ. ಕಂಪನ ಎಲ್ಲೆಲ್ಲಿ ಆಯಿತೋ ಅಲ್ಲಿಯವರೆಗೆ ನೀರಿನ ಒತ್ತಡ ಹೋಗಿದೆ ಅಂತ ಅವರು ನಕ್ಷೆ ಬರೆಯುತ್ತಾರೆ. ಒಂದೇ ಡೇಟಾವನ್ನು ಒಂದು ಕಣ್ಣು ಲಾಭದ ನಕ್ಷೆಯಾಗಿ ನೋಡುತ್ತದೆ, ಇನ್ನೊಂದು ಕಣ್ಣು ಎಚ್ಚರಿಕೆಯಾಗಿ ನೋಡುತ್ತದೆ. ಎರಡೂ ಒಬ್ಬರದ್ದೇ ಕಣ್ಣಾದರೆ ಸಾಲದು.

ಮತ್ತೆ, ನೀರನ್ನು ಸುಮ್ನೆ ವಾಪಸ್ ಬಿಡುವುದೇ ಆದರೂ ಪೂರ್ತಿ ನಿರಾಳ ಅಂತ ಅಲ್ಲ. ಐಸ್‌ಲ್ಯಾಂಡಿನ ಹೆಲ್ಲಿಶೈದಿ ಸ್ಥಾವರದಲ್ಲಿ ಬಳಸಿದ ನೀರನ್ನು ಹೊಸ ಜಾಗದಲ್ಲಿ ಕೆಳಗೆ ಬಿಡಲು ಶುರು ಮಾಡಿದ ಕೆಲವು ವಾರಗಳಲ್ಲೇ, 2011ರ ಅಕ್ಟೋಬರಿನಲ್ಲಿ, 4ರ ಆಸುಪಾಸಿನ ಎರಡು ಕಂಪನ ಒಂದೇ ದಿನ ಬಂದವು. ಕ್ಯಾಲಿಫೋರ್ನಿಯಾದ ಗೀಸರ್ಸ್ ಕ್ಷೇತ್ರದಲ್ಲಂತೂ ವರ್ಷಕ್ಕೆ ಸಾವಿರಾರು ಸಣ್ಣ ಕಂಪನಗಳು. ಅಲ್ಲಿ ಒತ್ತಡಕ್ಕಿಂತ ತಣ್ಣೀರಿನ ಪಾತ್ರ ದೊಡ್ಡದು. ಬಿಸಿ ಕಲ್ಲಿಗೆ ತಣ್ಣೀರು ತಾಗಿ ಕಲ್ಲು ಕುಗ್ಗುತ್ತದೆ, ಕುಗ್ಗಿದಾಗ ಹಿಡಿತ ತಪ್ಪುತ್ತದೆ. 2016ರ ಡಿಸೆಂಬರಿನಲ್ಲಿ ಅಲ್ಲಿ 5ರ ಒಂದು ಕಂಪನವೂ ಆಯಿತು.

ಈಗ ಕಿವಿಯ ವಿಷಯಕ್ಕೆ ಬರೋಣ.

ಕಂಪನದ ಪ್ರಮಾಣ ಸೊನ್ನೆಯಿಂದ ಶುರುವಾಗುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಿಲ್ಲ, ಮೈನಸ್ ಒಂದು, ಮೈನಸ್ ಎರಡು ಕೂಡ ಇವೆ. ಸೊನ್ನೆಯ ಕಂಪನದಲ್ಲಿ ಹತ್ತಾರು ಮೀಟರ್ ಅಗಲದ ಒಂದು ತುಂಡು ಬಿರುಕು ಒಂದು ಮಿಲಿಮೀಟರಿಗಿಂತ ಕಡಿಮೆ ಜಾರಿರುತ್ತದೆ. ನೆಲದ ಮೇಲೆ ನಿಂತವರಿಗೆ ಏನೂ ಗೊತ್ತಾಗುವುದಿಲ್ಲ. ಹಾಗಾದರೆ ಅದನ್ನು ಅಳೆದು ಏನು ಮಾಡುವುದು? ಇಲ್ಲಿ ಗುಟೆನ್‌ಬರ್ಗ್ ಮತ್ತು ರಿಕ್ಟರ್ ಹೆಸರಿನ ನಿಯಮವೊಂದು ಬರುತ್ತದೆ. ಸಾಮಾನ್ಯವಾಗಿ 2ರ ಕಂಪನ ಒಂದಾದರೆ 1ರ ಕಂಪನ ಹತ್ತು ಆಗಿರುತ್ತವೆ, ಸೊನ್ನೆಯವು ನೂರು, ಮೈನಸ್ ಒಂದರವು ಸಾವಿರ. ತಿರುಗಿಸಿ ಓದಿದರೆ, ಕಣ್ಣಿಗೆ ಕಾಣದ ಸಾವಿರ ಕಂಪನಗಳನ್ನು ಎಣಿಸಿದವನಿಗೆ ಮುಂದೆ ಬರಬಹುದಾದ ಒಂದು ದೊಡ್ಡದರ ಅಂದಾಜು ಸಿಗುತ್ತದೆ. ಸಣ್ಣವು ಜಾಸ್ತಿ ಆದಷ್ಟೂ ದೊಡ್ಡದರ ಸಾಧ್ಯತೆ ಜಾಸ್ತಿ ಅಂದೆನಲ್ಲ, ಅದು ಈ ಲೆಕ್ಕದಿಂದ. ಆ ಹತ್ತರ ಅನುಪಾತ ಎಲ್ಲ ಕಡೆ ಒಂದೇ ಇರುವುದಿಲ್ಲ. ಅದು ಹತ್ತರಿಂದ ಏಳಕ್ಕೆ, ಆರಕ್ಕೆ ಇಳಿಯುತ್ತಿದ್ದರೆ ದೊಡ್ಡವುಗಳ ಪಾಲು ಹೆಚ್ಚುತ್ತಿದೆ ಅಂತ ಅರ್ಥ. ನೋಡುತ್ತಾ ಕೂತವನು ಅಲ್ಲಿ ನೆಟ್ಟಗೆ ಕೂರಬೇಕು.

ಈ ಲೆಕ್ಕ ನಡೆಯಬೇಕಾದರೆ ಸಣ್ಣವೆಲ್ಲ ಕೇಳಿಸಬೇಕು. ಕೇಳಿಸುವುದು ಸುಲಭವಲ್ಲ. ಊರು ಅಂದರೆ ಗಲಾಟೆ. ಲಾರಿ, ರೈಲು, ಮರ ಅಲ್ಲಾಡುವುದು, ಗಾಳಿಗೆ ಕಂಬ ಅಲುಗುವುದು ಎಲ್ಲವೂ ನೆಲವನ್ನು ಅಲುಗಿಸುತ್ತವೆ. ನಾನು ನೋಡುತ್ತಿದ್ದ ಮಾಪಕಗಳ ಜಾಲವೊಂದರಲ್ಲಿ ಒಂದನ್ನು ಶಾಲೆಯ ನೆಲಮಾಳಿಗೆಯಲ್ಲಿ ಇಟ್ಟಿದ್ದರು. ಬೆಳಗಿನಿಂದ ಸಂಜೆವರೆಗೆ ಅದರ ರೇಖೆ ನೋಡಿದರೆ ಯಾವ ಹೊತ್ತಿಗೆ ಆಟದ ಪೀರಿಯಡ್, ಯಾವಾಗ ಬೆಲ್ ಹೊಡೆಯಿತು ಅಂತ ಹೇಳಬಹುದಾಗಿತ್ತು. ಭೂಕಂಪ ಮಾತ್ರ ರಾತ್ರಿ ಆದರೆ ಉಂಟು, ಹಗಲು ಆದರೆ ಇಲ್ಲ. ಜಾಗ ಆರಿಸಿದವರಿಗೆ ಬೀಗದ ಕೈ ಸುಲಭವಾಗಿ ಸಿಗುವ ಕಟ್ಟಡ ಬೇಕಿತ್ತು, ಅಷ್ಟೇ ಕಾರಣ.

ಅದಕ್ಕೇ ಒಳ್ಳೆಯ ಜಾಲದಲ್ಲಿ ಕೆಲವಾದರೂ ಮಾಪಕಗಳನ್ನು ಪ್ರತ್ಯೇಕ ಕೊಳವೆಬಾವಿಗಳಲ್ಲಿ ಇಳಿಸುತ್ತಾರೆ. ನೂರು ಮೀಟರ್ ಇಳಿದರೂ ಊರಿನ ಗಲಾಟೆ ಬಹಳ ಕಡಿಮೆಯಾಗುತ್ತದೆ, ಗಟ್ಟಿ ಕಲ್ಲು ಸಿಕ್ಕರೆ ಇನ್ನೂ ಉತ್ತಮ. ಇಳಿಸುವುದು ಜಿಯೋಫೋನ್ ಅನ್ನುವ ಗಟ್ಟಿಮುಟ್ಟಾದ ಸಾಧನ. ಒಳಗೆ ಸ್ಪ್ರಿಂಗಿಗೆ ನೇತುಹಾಕಿದ ತಂತಿ ಸುರುಳಿ, ಪಕ್ಕದಲ್ಲಿ ಅಯಸ್ಕಾಂತ. ನೆಲ ಅಲುಗಿದರೆ ಅಯಸ್ಕಾಂತ ಅಲುಗುತ್ತದೆ, ಸುರುಳಿ ಹಿಂದೆ ಬೀಳುತ್ತದೆ, ಚೂರು ವಿದ್ಯುತ್ ಹುಟ್ಟುತ್ತದೆ. ಈಚೆಗೆ ಬಾವಿಯ ಉಕ್ಕಿನ ಕೊಳವೆಯ ಹೊರಗೆ ಆಪ್ಟಿಕಲ್ ಫೈಬರ್ ಎಳೆದು, ಅದರೊಳಗೆ ಲೇಸರ್ ಬಿಟ್ಟು, ಇಡೀ ತಂತಿಯನ್ನೇ ಸಾವಿರಾರು ಮಾಪಕಗಳ ಸಾಲಿನಂತೆ ಬಳಸುತ್ತಾರೆ. ಅಮೆರಿಕದ ಯೂಟಾದಲ್ಲಿ ಫೋರ್ಜ್ ಎಂಬ ಪ್ರಯೋಗ ಕ್ಷೇತ್ರದಲ್ಲಿ ಇದನ್ನು ಚೆನ್ನಾಗಿ ಪಳಗಿಸಿದ್ದಾರೆ. ಬೆಲೆ, ಡೇಟಾದ ರಾಶಿ ಎರಡೂ ಜಾಸ್ತಿ, ಎಲ್ಲ ಕಡೆ ಬೇಕಿಲ್ಲ.

ಜಾಗ ಗುರುತಿಸುವುದು ಇನ್ನೂ ಕಷ್ಟ. ಕಂಪನದಿಂದ ಎರಡು ಬಗೆಯ ಅಲೆ ಹೊರಡುತ್ತದೆ, ಮೊದಲು ಬರುವ ಪಿ ಅಲೆ, ಹಿಂದಿನಿಂದ ಬರುವ ಎಸ್ ಅಲೆ. ಎರಡರ ನಡುವಿನ ಸೆಕೆಂಡುಗಳನ್ನು ಎಂಟರಿಂದ ಗುಣಿಸಿದರೆ ಸುಮಾರಾಗಿ ಎಷ್ಟು ಕಿ.ಮೀ. ದೂರ ಅಂತ ಸಿಗುತ್ತದೆ. ಐದು ಕಿ.ಮೀ. ಆಳದ ಕಂಪನಕ್ಕೆ ನೇರ ಮೇಲಿರುವ ಮಾಪಕದಲ್ಲಿ ಈ ಅಂತರ ಮುಕ್ಕಾಲು ಸೆಕೆಂಡೂ ಇರುವುದಿಲ್ಲ. ಓದುವಾಗ ಹತ್ತನೇ ಒಂದು ಸೆಕೆಂಡ್ ತಪ್ಪಿದರೆ ಮುಕ್ಕಾಲು ಕಿ.ಮೀ. ತಪ್ಪಿದಂತೆ. ಗಡಿಯಾರ ಜಿಪಿಎಸ್‌ಗೆ ಕಟ್ಟಿಹಾಕಿರಬೇಕು, ಕೆಳಗಿನ ಪದರಗಳಲ್ಲಿ ಅಲೆ ಎಷ್ಟು ವೇಗವಾಗಿ ಓಡುತ್ತದೆ ಅಂತ ಮೊದಲೇ ಅಳೆದಿರಬೇಕು. ಆಳ ಸರಿಯಾಗಿ ಸಿಗಬೇಕಾದರೆ ಕನಿಷ್ಠ ಒಂದಾದರೂ ಮಾಪಕ, ಕಂಪನ ಎಷ್ಟು ಆಳದಲ್ಲಿದೆಯೋ ಅದಕ್ಕಿಂತ ಕಡಿಮೆ ದೂರದಲ್ಲಿರಬೇಕು. ಎಲ್ಲ ಮಾಪಕಗಳೂ ಒಂದೇ ದಿಕ್ಕಿನಲ್ಲಿದ್ದರೆ ಹತ್ತಿದ್ದರೂ ಪ್ರಯೋಜನ ಕಡಿಮೆ. ಸುತ್ತುವರಿದಿರಬೇಕು.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, "ಬಾವಿಯ ಸುತ್ತ ಕಂಪನ ಆಯಿತು" ಅನ್ನುವುದಕ್ಕೂ "ಕಂಪನಗಳೆಲ್ಲ ಒಂದೇ ಓರೆ ಗೆರೆಯಲ್ಲಿ ಸಾಲಾಗಿ ನಿಂತಿವೆ" ಅನ್ನುವುದಕ್ಕೂ ಆನೆ ಆಡಿನಷ್ಟು ವ್ಯತ್ಯಾಸ. ಮೋಡದಂತೆ ಚದುರಿದ್ದರೆ ಸಣ್ಣ ಸಣ್ಣ ಬಿರುಕುಗಳು ಅಲ್ಲಲ್ಲಿ ಜಾರುತ್ತಿವೆ. ಹಲಗೆಯಂತೆ ಒಂದೇ ಸಮತಲದಲ್ಲಿ ಕೂತಿದ್ದರೆ ಕೆಳಗೆ ಉದ್ದದ ಬಿರುಕು, ಅಂದರೆ ಫಾಲ್ಟ್, ಒಂದು ಎಚ್ಚರವಾಗುತ್ತಿದೆ. ಎಷ್ಟು ಉದ್ದದ ಬಿರುಕು ಒಟ್ಟಿಗೆ ಜಾರಬಲ್ಲದು ಅನ್ನುವುದರ ಮೇಲೆ ಭೂಕಂಪ ಎಷ್ಟು ದೊಡ್ಡದಾಗುತ್ತದೆ ಅನ್ನುವುದು ನಿಂತಿದೆ. ಸ್ಥಾನದಲ್ಲಿ ಒಂದು ಕಿ.ಮೀ. ತಪ್ಪಿದರೆ ಹಲಗೆಯೂ ಮೋಡದ ಹಾಗೇ ಕಾಣುತ್ತದೆ.

ದಕ್ಷಿಣ ಕೊರಿಯಾದ ಪೊಹಾಂಗ್‌ನಲ್ಲಿ ಆದದ್ದು ಇದೇ. ಅಲ್ಲಿ ನಾಲ್ಕು ಕಿ.ಮೀ.ಗಿಂತ ಆಳದ ಎರಡು ಬಾವಿ ಕೊರೆದು 2016ರ ಜನವರಿಯಿಂದ 2017ರ ಸೆಪ್ಟೆಂಬರ್‌ವರೆಗೆ ಐದು ಸುತ್ತು ನೀರು ನುಗ್ಗಿಸಿದರು. 2017ರ ಏಪ್ರಿಲ್‌ನಲ್ಲಿ 3.2ರ ಕಂಪನ ಬಂತು. ಸ್ವಲ್ಪ ನಿಲ್ಲಿಸಿದರು, ಮತ್ತೆ ಶುರು ಮಾಡಿದರು. ಕೊನೆಯ ಸುತ್ತು ಮುಗಿದು ಎರಡು ತಿಂಗಳಾಗಿತ್ತು, ನವೆಂಬರ್ 15ರಂದು 5.5ರ ಭೂಕಂಪ ಊರನ್ನು ಅಲುಗಿಸಿತು. ಹತ್ತಾರು ಜನಕ್ಕೆ ಗಾಯ, ಮನೆಗಳು ಬಿರುಕು ಬಿಟ್ಟವು, ಮರುದಿನ ಇದ್ದ ಇಡೀ ದೇಶದ ಕಾಲೇಜು ಪ್ರವೇಶ ಪರೀಕ್ಷೆಯನ್ನೇ ಒಂದು ವಾರ ಮುಂದೂಡಿದರು. ಸರ್ಕಾರ ನೇಮಿಸಿದ ಸಮಿತಿ 2019ರ ಮಾರ್ಚ್‌ನಲ್ಲಿ ಹೇಳಿತು: ನುಗ್ಗಿಸಿದ ನೀರು ಒಂದು ಫಾಲ್ಟ್ ಅನ್ನು ಕೆಣಕಿತು, ಅದೇ ಜಾರಿತು. ನನ್ನನ್ನು ಕಾಡುವ ಸಂಗತಿ ಬೇರೆ. ಸಮಿತಿಯವರು ಹಿಂದಿನ ಸಣ್ಣ ಕಂಪನಗಳ ಸ್ಥಾನವನ್ನು ಮತ್ತೆ ಎಚ್ಚರಿಕೆಯಿಂದ ಲೆಕ್ಕ ಹಾಕಿದಾಗ ಅವು ಹಲಗೆಯಂತೆ ಒಂದೇ ಸಮತಲದಲ್ಲಿ ಕೂತಿದ್ದವು. ದೊಡ್ಡ ಭೂಕಂಪ ಜಾರಿದ ಅದೇ ಸಮತಲ. ಅಂದರೆ ನೆಲ ಹೇಳುತ್ತಲೇ ಇತ್ತು. ಕಿವಿಗೆ ಬಿದ್ದೂ ಇತ್ತು. ಆದರೆ ಆಗ ಎಲ್ಲರೂ ನೋಡುತ್ತಿದ್ದದ್ದು ಯಾವ ಕಂಪನ ಎಷ್ಟು ದೊಡ್ಡದು ಅಂತ. ಎಲ್ಲಿ ಸಾಲುಗಟ್ಟುತ್ತಿವೆ ಅಂತ ಅಲ್ಲ.

ಇನ್ನೊಂದು ಲೆಕ್ಕವೂ ಪೊಹಾಂಗ್‌ನಲ್ಲಿ ಮುರಿದು ಬಿತ್ತು. ಎಷ್ಟು ನೀರು ಬಿಡುತ್ತೇವೋ ಅದಕ್ಕೆ ತಕ್ಕಷ್ಟೇ ದೊಡ್ಡ ಕಂಪನ ಬರುತ್ತದೆ, ಅದಕ್ಕಿಂತ ಮೀರುವುದಿಲ್ಲ ಅಂತ ಒಂದು ನಂಬಿಕೆ ಇತ್ತು. ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್‌ನಲ್ಲಿ 2006ರಲ್ಲಿ ಸುಮಾರು 11,500 ಘನ ಮೀಟರ್ ನೀರು ಬಿಟ್ಟಾಗ ಬಂದದ್ದು 3.4. ಪೊಹಾಂಗ್‌ನಲ್ಲಿ ಬಿಟ್ಟದ್ದೂ ಹೆಚ್ಚು ಕಡಿಮೆ ಅಷ್ಟೇ ನೀರು, ಬಂದದ್ದು 5.5. ಶಕ್ತಿಯಲ್ಲಿ ಸಾವಿರ ಪಟ್ಟಿಗೂ ಮೀರಿದ ವ್ಯತ್ಯಾಸ. ಹಾಗಾಗಿ ನಿಮ್ಮ ಊರಿನವರು "ನಾವು ಬಿಡುವ ನೀರೇ ಇಷ್ಟು, ಇದರಿಂದ ದೊಡ್ಡದೇನೂ ಆಗಲ್ಲ" ಅಂದರೆ ಒಪ್ಪಬೇಡಿ. ನೀರು ಕಿಡಿ ಮಾತ್ರ. ಹುಲ್ಲಿನ ಮೆದೆ ಎಷ್ಟು ದೊಡ್ಡದು ಅನ್ನುವುದು ಕೆಳಗಿನ ಫಾಲ್ಟ್‌ಗೆ ಬಿಟ್ಟದ್ದು.

ಬಾಸೆಲ್ ಅಂದೆನಲ್ಲ, ಅದರ ಕಥೆ ನಿಮಗೆ ಬೇಕು. ಯಾಕೆಂದರೆ ನಿಮ್ಮ ಸಭೆಯಲ್ಲಿ ಹೇಳಿದ ಹಾಗೆ ಅಲ್ಲೂ ಮಾಪಕಗಳು ನೋಡುತ್ತಿದ್ದವು, ಜೊತೆಗೆ ಪಂಪ್ ಯಾವಾಗ ನಿಲ್ಲಿಸಬೇಕು ಅನ್ನುವ ಕ್ರಮವೂ ಇತ್ತು. ಅದಕ್ಕೆ ಟ್ರಾಫಿಕ್ ಲೈಟ್ ಅಂತಲೇ ಹೆಸರು. ಕಂಪನ ಇಷ್ಟರೊಳಗಿದ್ದರೆ ಹಸಿರು, ಪಂಪ್ ಓಡಲಿ. ಸ್ವಲ್ಪ ಮೀರಿದರೆ ಹಳದಿ, ಒತ್ತಡ ಏರಿಸಬೇಡಿ. ಇನ್ನೂ ಮೀರಿದರೆ ಕೆಂಪು, ನಿಲ್ಲಿಸಿ, ನೀರನ್ನು ಹೊರಗೆ ಬಿಡಿ. ಬಾಸೆಲ್‌ನಲ್ಲಿ ಕಿವಿ ಚೆನ್ನಾಗಿತ್ತು, ಆರು ಮಾಪಕಗಳು ಕೊಳವೆಬಾವಿಗಳಲ್ಲೇ ಇದ್ದವು, ಹತ್ತು ಸಾವಿರಕ್ಕೂ ಹೆಚ್ಚು ಕಂಪನ ದಾಖಲಾದವು. ಕೈಯೂ ಕೆಲಸ ಮಾಡಿತು. ಡಿಸೆಂಬರ್ 2ರಂದು ನೀರು ಬಿಡಲು ಶುರು ಮಾಡಿದವರು 8ರ ಬೆಳಗ್ಗೆ ಕಂಪನ ಜೋರಾದದ್ದನ್ನು ಕಂಡು ಪಂಪ್ ನಿಲ್ಲಿಸಿದರು. ಆದರೂ ಅದೇ ದಿನ ಸಂಜೆ 3.4 ಬಂತು. ಯಾರೂ ಸಾಯಲಿಲ್ಲ, ಆದರೆ ಗೋಡೆಯ ಗಾರೆ ಬಿರುಕು ಬಿಟ್ಟಿದೆ ಅಂತ 2,000ಕ್ಕೂ ಹೆಚ್ಚು ದೂರು ಬಂದವು, ಪರಿಹಾರವಾಗಿ ಸುಮಾರು 70 ಲಕ್ಷ ಸ್ವಿಸ್ ಫ್ರಾಂಕ್ ಕೊಡಬೇಕಾಯಿತು. 1356ರಲ್ಲಿ ದೊಡ್ಡ ಭೂಕಂಪದಿಂದ ಹಾಳಾದ ಊರು ಅದು, ಜನ ಹೆದರಿದ್ದರಲ್ಲಿ ಏನೂ ತಪ್ಪಿಲ್ಲ. 2009ರಲ್ಲಿ ಯೋಜನೆಯನ್ನೇ ಕೈಬಿಟ್ಟರು.

ಪಂಪ್ ನಿಲ್ಲಿಸಿದ ಮೇಲೂ ಯಾಕೆ ಬರುತ್ತದೆ? ಮೋಟರ್ ಆಫ್ ಮಾಡಿದರೆ ನಲ್ಲಿ ನಿಲ್ಲುತ್ತದೆ, ಆದರೆ ಕಲ್ಲಿನೊಳಗೆ ಏರಿದ ಒತ್ತಡ ಎಲ್ಲಿಗೂ ಹೋಗಿರುವುದಿಲ್ಲ. ಬಾವಿಯ ಹತ್ತಿರ ಅದು ಇಳಿಯುತ್ತದೆ, ಅಂಚಿನಲ್ಲಿ ಮಾತ್ರ ಇನ್ನೂ ಮುಂದೆ ಮುಂದೆ ಹರಡುತ್ತಲೇ ಇರುತ್ತದೆ. ಆ ಅಂಚಿನಲ್ಲಿ ಇನ್ನೊಂದು ಬಿರುಕು ಸಿಕ್ಕರೆ ಅದೂ ಜಾರಬಹುದು. ಜೊತೆಗೆ ಒಂದು ಬಿರುಕು ಜಾರಿದಾಗ ಪಕ್ಕದ ಬಿರುಕಿನ ಮೇಲಿನ ಭಾರ ಬದಲಾಗುತ್ತದೆ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಪಕ್ಕದ ವೆಂಡೆನ್‌ಹೈಮ್ ನೋಡಿ. 2020ರ ಡಿಸೆಂಬರ್‌ನಲ್ಲಿ 3.5ರ ಕಂಪನ ಬಂದ ಮೇಲೆ ಅಧಿಕಾರಿಗಳು ಯೋಜನೆಯನ್ನೇ ನಿಲ್ಲಿಸಿದರು. ಅದಕ್ಕಿಂತ ದೊಡ್ಡದು, 3.9, ಬಂದದ್ದು 2021ರ ಜೂನ್‌ನಲ್ಲಿ, ಬಾವಿ ಸುಮ್ಮನಾಗಿ ಆರು ತಿಂಗಳಾದ ಮೇಲೆ. ಬಾಸೆಲ್‌ನಲ್ಲೂ 2011ರಲ್ಲಿ ಬಾವಿಯ ಬಾಯಿ ಮುಚ್ಚಿದ ನಂತರ ಒಳಗೆ ಒತ್ತಡ ಮತ್ತೆ ಏರಿ ಸಣ್ಣ ಕಂಪನಗಳು ಹೆಚ್ಚಾದವು, 2017ರಲ್ಲಿ ಮತ್ತೆ ತೆರೆದು ಒತ್ತಡ ಇಳಿಸಬೇಕಾಯಿತು. ಹತ್ತು ವರ್ಷದ ಹಿಂದಿನ ಕೆಲಸಕ್ಕೆ!

ಆದ್ದರಿಂದ ಕೆಂಪು ದೀಪದ ಮಿತಿ ಎಲ್ಲಿದೆ ಅನ್ನುವುದು ಬಹಳ ಮುಖ್ಯ. ನಮಗೆ 3ರ ಕಂಪನ ಬೇಡ ಅಂದರೆ ಕೆಂಪು ದೀಪ 3ಕ್ಕೆ ಹೊತ್ತಿಕೊಂಡರೆ ಉಪಯೋಗ ಇಲ್ಲ, ಬಹಳ ಮೊದಲೇ ಹೊತ್ತಬೇಕು. ಪಂಪ್ ನಿಂತ ಮೇಲೆ ಬರುವ ಕಂಪನಗಳಿಗೂ ಜಾಗ ಬಿಡಬೇಕು. ಈಗ ಹೊಸ ಯೋಚನೆ ಏನೆಂದರೆ ಮಿತಿಯನ್ನು ಮೊದಲೇ ಗೆರೆ ಎಳೆದು ಕೂರುವ ಬದಲು, ಪಂಪ್ ಓಡುತ್ತಿರುವಾಗಲೇ ಪ್ರತಿ ಕೆಲವು ಗಂಟೆಗೊಮ್ಮೆ ಹೊಸ ಲೆಕ್ಕ ಹಾಕಿ, ಹೀಗೇ ಮುಂದುವರಿದರೆ ದೊಡ್ಡದು ಬರುವ ಸಾಧ್ಯತೆ ಎಷ್ಟು ಅಂತ ನೋಡುವುದು. ನನಗೆ ಇದೇ ಸರಿ ಅನಿಸುತ್ತದೆ, ಆದರೆ ಲೆಕ್ಕ ಹಾಕುವ ಕಂಪ್ಯೂಟರಿಗೂ ವಾಲ್ವಿಗೂ ನಡುವೆ ನಿದ್ದೆಗೆಡುವ ಒಬ್ಬ ಮನುಷ್ಯ ಬೇಕೇ ಬೇಕು.

ಸರಿಯಾಗಿ ಮಾಡಿದ ಉದಾಹರಣೆಯೂ ಇದೆ. ಫಿನ್‌ಲ್ಯಾಂಡಿನ ಹೆಲ್ಸಿಂಕಿ ಪಕ್ಕದ ಎಸ್ಪೊದಲ್ಲಿ, ವಿಶ್ವವಿದ್ಯಾಲಯದ ಆವರಣದ ಹತ್ತಿರವೇ, 2018ರ ಜೂನ್ ಮತ್ತು ಜುಲೈನಲ್ಲಿ 49 ದಿನ ನೀರು ನುಗ್ಗಿಸಿದರು. ಬಾವಿಯ ಆಳ 6.1 ಕಿ.ಮೀ., ನೀರು 18,000 ಘನ ಮೀಟರ್, ಅಂದರೆ ಬಾಸೆಲ್‌ಗಿಂತ ಎಷ್ಟೋ ಜಾಸ್ತಿ. ಪಕ್ಕದ ಇನ್ನೊಂದು ಬಾವಿಯಲ್ಲಿ 2 ಕಿ.ಮೀ.ಗಿಂತ ಆಳದಲ್ಲಿ ಒಂದರ ಕೆಳಗೊಂದು 12 ಮಾಪಕ, ಸುತ್ತಲಿನ ಬಾವಿಗಳಲ್ಲಿ ಇನ್ನೂ 12. ಕಂಪನದ ವಿವರ ಕೆಲವೇ ನಿಮಿಷದಲ್ಲಿ ಪಂಪ್ ನಡೆಸುವವರ ಕೈಗೆ ಸಿಗುತ್ತಿತ್ತು. ಕೆಂಪು ಮಿತಿ 2.1. ಕಂಪನಗಳು ಚುರುಕಾದಾಗ ಹರಿವು ಇಳಿಸಿದರು, ಮಧ್ಯೆ ಮಧ್ಯೆ ದಿನಗಟ್ಟಲೆ ನಿಲ್ಲಿಸಿ ಕಲ್ಲಿಗೆ ಉಸಿರಾಡಲು ಬಿಟ್ಟರು. ಅತಿ ದೊಡ್ಡದು 1.9ಕ್ಕೆ ನಿಂತಿತು. ಕೈಯೇ ಗೆದ್ದಿತು ಅಂತ ನಾನು ಹೇಳುವುದಿಲ್ಲ, ಕೆಳಗೆ ದೊಡ್ಡ ಫಾಲ್ಟ್ ಸಿಗದೇ ಹೋದದ್ದು ಅದೃಷ್ಟವೂ ಹೌದು. ಮತ್ತೆ ಕೊನೆಯಲ್ಲಿ ಅಲ್ಲಿ ಸಾಕಷ್ಟು ನೀರು ಹರಿಯಲಿಲ್ಲ, ವಾಣಿಜ್ಯ ಯೋಜನೆಯಾಗಿ ಅದು ಕೈಗೂಡಲಿಲ್ಲ. ಮೆಲ್ಲಗೆ ಒತ್ತಿದರೆ ಕಂಪನವೂ ಕಡಿಮೆ, ದಾರಿಯೂ ಕಡಿಮೆ. ಈ ಉದ್ಯಮದ ತಲೆನೋವೇ ಇದು.

ಅಲ್ಲಿನ ಜನಕ್ಕೆ 1.9ರ ಒಳಗಿನ ಕಂಪನಗಳೂ ಗೊತ್ತಾದವು, ಅದೂ ಕಿವಿಗೆ. ದೂರದಲ್ಲಿ ಬಂಡೆ ಸಿಡಿಸಿದ ಹಾಗೆ, ಗುಡುಗಿದ ಹಾಗೆ ಸದ್ದು. ಗಟ್ಟಿ ಕಲ್ಲು ನೆಲದವರೆಗೂ ಇರುವ ಊರುಗಳಲ್ಲಿ ಹೀಗಾಗುತ್ತದೆ. ಇದು ನಿಮಗೂ ಆಗಬಹುದು, ಹೆದರಬೇಡಿ. ಸದ್ದು ಜೋರಾಗಿದ್ದರೆ ಕಂಪನ ದೊಡ್ಡದು ಅಂತ ಅಲ್ಲ. ಮನೆಗೆ ಹಾನಿ ಆಗುತ್ತದೋ ಇಲ್ಲವೋ ಅನ್ನುವುದನ್ನು ಹೇಳುವುದು ನಿಮ್ಮ ಮನೆಯ ಕೆಳಗಿನ ನೆಲ ಸೆಕೆಂಡಿಗೆ ಎಷ್ಟು ಮಿಲಿಮೀಟರ್ ವೇಗದಲ್ಲಿ ಅಲುಗಿತು ಅನ್ನುವ ಅಳತೆ. ಒಂದು ಮಿ.ಮೀ.ಗಿಂತ ಕಡಿಮೆ ಇದ್ದರೂ ಕೂತವರಿಗೆ ಗೊತ್ತಾಗಬಹುದು. ಸಾಮಾನ್ಯ ಮನೆಗಳಿಗೆ ಜರ್ಮನಿಯ ಮಾನದಂಡದಲ್ಲಿ ನಿಧಾನ ಕಂಪನಕ್ಕೆ 5 ಮಿ.ಮೀ. ಮಿತಿ, ಹಳೆಯ ನಾಜೂಕಿನ ಕಟ್ಟಡಗಳಿಗೆ 3. ಮೆತ್ತನೆಯ ಮಣ್ಣಿನ ಮೇಲಿರುವ ಮನೆ ಗಟ್ಟಿ ಕಲ್ಲಿನ ಮೇಲಿರುವ ಮನೆಗಿಂತ ಜಾಸ್ತಿ ಅಲುಗುತ್ತದೆ. ಹಾಗಾಗಿ ಬಾವಿಯ ಸುತ್ತ ಮಾತ್ರ ಅಲ್ಲ, ಊರೊಳಗಿನ ಮೆತ್ತನೆ ಜಾಗಗಳಲ್ಲೂ ಒಂದೆರಡು ಮಾಪಕ ಇಡಿ ಅಂತ ಕೇಳಿ.

ಮುಂದಿನ ಸಭೆಗೆ ಹೋದಾಗ ಇನ್ನೂ ಏನು ಕೇಳಬೇಕು? ಮಾಪಕಗಳು ಪಂಪ್ ಶುರುವಾಗುವುದಕ್ಕಿಂತ ಎಷ್ಟು ಮೊದಲು ಓಡುತ್ತಿರುತ್ತವೆ ಅಂತ ಕೇಳಿ. ಆರು ತಿಂಗಳಿಗಿಂತ ಕಡಿಮೆ ಅಂದರೆ ನಾನು ಮುಖ ಸಿಂಡರಿಸುತ್ತೇನೆ, ಯಾಕೆಂದರೆ ಮೊದಲಿನಿಂದಲೂ ತಾನಾಗಿ ಆಗುತ್ತಿದ್ದ ಕಂಪನ ಯಾವುದು, ನೀರಿನಿಂದ ಆದದ್ದು ಯಾವುದು ಅಂತ ಆಮೇಲೆ ಜಗಳ ಶುರುವಾದಾಗ ಈ ಹಳೆಯ ದಾಖಲೆಯೊಂದೇ ಸಾಕ್ಷಿ. ಪಂಪ್ ನಿಂತ ಮೇಲೆ ಎಷ್ಟು ವರ್ಷ ಕೇಳುತ್ತಾ ಇರುತ್ತೀರಿ ಅಂತಲೂ ಕೇಳಿ, ಡೆನ್ವರ್, ವೆಂಡೆನ್‌ಹೈಮ್ ಹೆಸರು ಹೇಳಿಯೇ ಕೇಳಿ. ಎಷ್ಟು ಸಣ್ಣ ಕಂಪನದವರೆಗೆ ಒಂದೂ ತಪ್ಪದೆ ಹಿಡಿಯುತ್ತೀರಿ, ಹಗಲಲ್ಲಿ ಎಷ್ಟು, ರಾತ್ರಿ ಎಷ್ಟು? ಡೇಟಾ ಕಂಪನಿಯ ಹತ್ತಿರ ಮಾತ್ರ ಇರುತ್ತದೋ, ದೇಶದ ಭೂಕಂಪ ಸಂಸ್ಥೆಗೂ ಅದೇ ಹೊತ್ತಿಗೆ ಹೋಗುತ್ತದೋ? ಒಂದೇ ಜೋಡಿ ಕಣ್ಣು ಸಾಲದು ಅಂದದ್ದು ಇದಕ್ಕೇ. ರಾತ್ರಿ ಎರಡು ಗಂಟೆಗೆ ಹಳದಿ ದೀಪ ಹೊತ್ತಿದರೆ ನಿಲ್ಲಿಸಿ ಅನ್ನುವ ಅಧಿಕಾರ ಯಾರಿಗಿದೆ, ಅವರು ಬೆಳಗಾಗುವವರೆಗೆ ಮೇಲಧಿಕಾರಿಗೆ ಕಾಯಬೇಕಾ? ಈ ಕೊನೆಯ ಪ್ರಶ್ನೆಗೆ ಬರುವ ಉತ್ತರವನ್ನು ನಾನು ಎಲ್ಲಕ್ಕಿಂತ ಗಮನವಿಟ್ಟು ಕೇಳುತ್ತೇನೆ. ಹೆಸರು, ಹುದ್ದೆ ತಡವರಿಸದೆ ಹೇಳಿದರೆ ಅವರು ತಯಾರಾಗಿದ್ದಾರೆ.

ಇನ್ನು ನಿಮ್ಮ ಮನೆಯ ಮಾಪಕ. ಇಡಿ, ಖಂಡಿತ ಇಡಿ. ಹವ್ಯಾಸಿಗಳಿಗಾಗಿಯೇ ರಾಸ್‌ಬೆರಿ ಶೇಕ್ ಅಂತ ಸಣ್ಣ ಪೆಟ್ಟಿಗೆ ಸಿಗುತ್ತದೆ, ಒಳಗೆ ನಾನು ಹೇಳಿದ ಜಿಯೋಫೋನೇ ಇರುತ್ತದೆ, ಇಂಟರ್ನೆಟ್‌ಗೆ ಜೋಡಿಸಿದರೆ ಡೇಟಾ ಎಲ್ಲರಿಗೂ ಕಾಣುತ್ತದೆ. ಫೋನಿನ ಆ್ಯಪ್ ಇದಕ್ಕೆ ಸಾಲದು, ಫೋನಿನೊಳಗಿನ ಸಾಧನಕ್ಕೆ ಇಷ್ಟು ಸಣ್ಣ ಅಲುಗಾಟ ಕೇಳಿಸುವುದಿಲ್ಲ. ಒಂದೇ ಪೆಟ್ಟಿಗೆಯಿಂದ ಕಂಪನ ಎಲ್ಲಾಯಿತು ಅಂತ ಹೇಳಲಾಗದು, ಎಷ್ಟು ಹೊತ್ತಿಗೆ, ನಿಮ್ಮ ನೆಲ ಎಷ್ಟು ಅಲುಗಿತು ಅಂತ ಹೇಳಬಹುದು. ನಾಲ್ಕೈದು ಮನೆಯವರು ಸೇರಿ ಊರಿನ ಬೇರೆ ಬೇರೆ ಮೂಲೆಯಲ್ಲಿ ಇಟ್ಟರೆ ಅದು ಪುಟ್ಟ ಜಾಲವೇ ಆಯಿತು, ಕಂಪನಿಯ ಪಟ್ಟಿಯಲ್ಲಿ ಇಲ್ಲದ ಕಂಪನ ನಿಮ್ಮ ಎಲ್ಲ ಪೆಟ್ಟಿಗೆಗಳಲ್ಲೂ ಕಂಡರೆ ಧೈರ್ಯವಾಗಿ ಕೇಳಬಹುದು. ನೆಲಮಹಡಿಯಲ್ಲಿ, ಕಾಂಕ್ರೀಟ್ ನೆಲದ ಮೂಲೆಯಲ್ಲಿ, ನೇರ ನೆಲದ ಮೇಲೇ ಇಡಿ. ಮೇಜಿನ ಮೇಲೆ ಬೇಡ, ಕಾರ್ಪೆಟ್ ಮೇಲೆ ಬೇಡ, ಫ್ರಿಜ್ಜು, ವಾಷಿಂಗ್ ಮೆಷಿನ್ ಪಕ್ಕ ಬೇಡವೇ ಬೇಡ. ಮೊದಲ ವಾರ ನಿಮ್ಮದೇ ಹೆಜ್ಜೆಗಳನ್ನು ಭೂಕಂಪ ಅಂದುಕೊಂಡು ಗಾಬರಿಯಾಗುತ್ತೀರಿ, ಎಲ್ಲರಿಗೂ ಆಗುತ್ತದೆ. ಅದರ ಜೊತೆಗೆ ಇನ್ನೊಂದು ಕೆಲಸ, ಇದಕ್ಕೆ ಖರ್ಚೂ ಇಲ್ಲ. ಗೋಡೆಯಲ್ಲಿ ಈಗಾಗಲೇ ಇರುವ ಪ್ರತಿ ಬಿರುಕಿನ ಪಕ್ಕ ಒಂದು ಸ್ಕೇಲ್ ಹಿಡಿದು, ತಾರೀಖು ಬರೆದ ಚೀಟಿ ಅಂಟಿಸಿ ಫೋಟೊ ತೆಗೆದಿಡಿ. ಪಂಪ್ ಶುರುವಾಗುವ ಮೊದಲೇ.